ಮೇಲೆ ಯಾರ ಮನೆ ಉಂಟು?

ಕಳೆದ ವರ್ಷ ಅಕ್ಟೋಬರ್ ಕೊನೆಗೆ ಮಗನ ಜೊತೆ ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರಂ ಬೆಟ್ಟಕ್ಕೆ ಹೋಗಿದ್ದೆ. ಅವನ ಶಾಲೆಯ ಗೆಳೆಯರೆಲ್ಲ ಹೋಗಿ ಬಂದಿದ್ದರು, ಇವನಿಗೂ ಹೋಗಲೇಬೇಕಿತ್ತು. ಹೊಸದುರ್ಗದಿಂದ ರಾಜಪುರಂ, ಪನತ್ತಡಿ ದಾಟಿ ಮೇಲೆ ಹತ್ತಿದರೆ ಅರಣ್ಯ ಇಲಾಖೆಯ ಟಿಕೆಟ್ ಕೌಂಟರ್. ಅಲ್ಲಿಂದ ಮುಂದೆ ನಡಿಗೆ. ಮೊದಲು ಕತ್ತಲೆಗಟ್ಟಿದ ಕಾಡು, ಆಮೇಲೆ ಒಮ್ಮೆಗೇ ತೆರೆದುಕೊಳ್ಳುವ ಹುಲ್ಲುಗುಡ್ಡೆ. ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ, ಉಂಬಳ ಜಾಸ್ತಿ ಇತ್ತು. ಮಗ ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ ಕಾಲು ನೋಡುತ್ತಿದ್ದ. ತುದಿಗೆ ಹೋಗಿ ನಿಂತಾಗ ಮಾತ್ರ ಎಲ್ಲ ಮರೆತ. ಮೂಡು ದಿಕ್ಕಿಗೆ ಕೊಡಗಿನ ಬೆಟ್ಟಗಳು ಒಂದರ ಹಿಂದೆ ಒಂದು ನಿಂತಿದ್ದವು. ಹಳಬರು ಈ ಜಾಗವನ್ನು ಮಾಡತ್ತುಮಲ ಅನ್ನುತ್ತಿದ್ದರು. 1970ರ ಹೊತ್ತಿಗೆ ಕೋಟ್ಟಯಂ ಕಡೆಯ ಕ್ರೈಸ್ತ ಕುಟುಂಬಗಳು ಬಂದು ನೆಲೆಸಿದ ಮೇಲೆ ರಾಣಿಪುರಂ ಆಯಿತು. ಆ ರಾಣಿ ಅಂದರೆ ಮೇರಿ ಮಾತೆ. ಮಗನಿಗೆ ಇದನ್ನೆಲ್ಲ ಹೇಳುತ್ತಾ ಇಳಿದೆ. ಇಬ್ಬರಿಗೂ ತುಂಬ ಖುಷಿಯಾಗಿತ್ತು.

ಅಲ್ಲಿಂದ ನೇರ ಎಣ್ಮಕಜೆಯ ತವರಿಗೆ ಬಂದೆವು. ಅಮ್ಮ ಅಂಗಳದಲ್ಲಿ ಅಡಿಕೆ ಹರವುತ್ತಿದ್ದಳು. ಮೊಮ್ಮಗ ಓಡಿ ಹೋಗಿ ಫೋನಿನಲ್ಲಿ ಫೋಟೋ ತೋರಿಸಿದ. ಅಷ್ಟು ಎತ್ತರ ಹತ್ತಿದ್ದು, ಉಂಬಳ ಕಚ್ಚಿದ್ದು, ಎಲ್ಲ ಹೇಳಿದ. ಅಮ್ಮ ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಫೋಟೋ ನೋಡಿದಳು. ಆಮೇಲೆ ಕೇಳಿದಳು: "ಮೇಲೆ ಯಾರ ಮನೆ ಉಂಟು?"

ಯಾರದ್ದೂ ಇಲ್ಲ ಅಜ್ಜಿ, ಸುಮ್ನೆ ನೋಡ್ಲಿಕ್ಕೆ ಹೋದದ್ದು ಅಂದ ಮಗ. ಅಮ್ಮ ತಲೆಯಾಡಿಸಿ ಮತ್ತೆ ಅಡಿಕೆ ಹರವತೊಡಗಿದಳು. ಅವಳು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಬೇಕು ಅಂತಲೇ ಕೇಳಿದ್ದು. ಗುಡ್ಡೆ ಹತ್ತಿದವರು ಆಚೆ ಬದಿ ಇಳಿದು ಯಾರದೋ ಮನೆಯ ಅಂಗಳಕ್ಕೆ ಹೋಗಬೇಕು, ಕಾಲು ತೊಳೆಯಬೇಕು, ಬೆಲ್ಲ ನೀರು ಕುಡಿಯಬೇಕು. ಅವಳು ಬದುಕಿನಲ್ಲಿ ನಡೆದ ದಾರಿಗಳೆಲ್ಲ ಹಾಗೆಯೇ ಮುಗಿದಿದ್ದವು. ಆ ಪ್ರಶ್ನೆ ನನ್ನ ತಲೆಯಿಂದ ಹೋಗಲೇ ಇಲ್ಲ.

ಅಬ್ಬಿಯ ದಾರಿ

ನಮ್ಮ ಮನೆಯ ಹಿಂದಿನಿಂದಲೂ ಒಂದು ದಾರಿ ಇತ್ತು. ತೋಟದ ಅಗಳು ದಾಟಿ, ತೋಡಿನ ಮೇಲೆ ಹಾಕಿದ ಅಡಿಕೆ ಮರದ ಸಂಕ ದಾಟಿ, ಗುಡ್ಡೆ ಹತ್ತಿ, ಅಬ್ಬಿಯ ಬದಿಯಿಂದ ಮೇಲೇರಿ, ಪದವು, ಅಂದರೆ ಗುಡ್ಡೆಯ ತಲೆಯ ಹುಲ್ಲುಬಯಲು, ಕಳೆದು ಆಚೆ ಇಳಿದರೆ ದೊಡ್ಡಮ್ಮನ ಮನೆ. ಒಂದೂವರೆ ಗಂಟೆಯ ನಡಿಗೆ. ಈಗ ಬಸ್ಸಿನಲ್ಲಿ ಹೋಗುವುದಾದರೆ ಪೆರ್ಲಕ್ಕೆ ಇಳಿದು, ಇನ್ನೊಂದು ಬಸ್ಸು ಹಿಡಿದು, ಗುಡ್ಡೆಗೆ ಪೂರ್ತಿ ಸುತ್ತು ಹಾಕಬೇಕು. ಅದಕ್ಕೂ ಒಂದೂವರೆ ಗಂಟೆಯೇ ಬೇಕು.

ಆ ಅಬ್ಬಿಗೆ ಹೆಸರಿರಲಿಲ್ಲ. ಅಬ್ಬಿ ಅಂದರೆ ಸಾಕಿತ್ತು. ಹೆಚ್ಚೆಂದರೆ ಮೂರಾಳು ಎತ್ತರ. ಕರಿಬಂಡೆಯ ಮೇಲಿಂದ ಎರಡು ಕವಲಾಗಿ ಬಿದ್ದು, ಕೆಳಗೆ ಒಂದು ಗುಂಡಿ ತುಂಬಿ, ತೋಡಾಗಿ ನಮ್ಮ ಬೈಲಿಗೆ ಬಂದು, ಕೊನೆಗೆ ಶಿರಿಯ ಹೊಳೆ ಸೇರುತ್ತಿತ್ತು. ನಾವು ಅಬ್ಬಿ ಅನ್ನುತ್ತಿದ್ದೆವು. ಕೆಲಸಕ್ಕೆ ಬರುತ್ತಿದ್ದವರು ತುಳುವಿನಲ್ಲಿ ಅರ್ಬಿ ಅನ್ನುತ್ತಿದ್ದರು. ಮಲಯಾಳದಲ್ಲಿ ಅರುವಿ ಅಂದರೆ ತೋಡು, ತಮಿಳಿನಲ್ಲಿ ಅದೇ ಅರುವಿ ಜಲಪಾತ. ಒಂದೇ ಮಾತು ಗುಡ್ಡೆ ಇಳಿಯುತ್ತಾ ಸ್ವಲ್ಪ ಸ್ವಲ್ಪ ಬದಲಾದ ಹಾಗೆ ನನಗೆ ಕೇಳುತ್ತದೆ. ದಾರಿಗೂ ಹಾಗೆಯೇ ನಮ್ಮಲ್ಲಿ ಮೂರು ಹೆಸರು: ದಾರಿ, ಸಾದಿ, ವಳಿ. ಒಂದೇ ದಾರಿಯಲ್ಲಿ ಎದುರಾದ ಮೂರು ಜನ ಮೂರು ಭಾಷೆಯಲ್ಲಿ ಮಾತಾಡಿ, ಮೂವರಿಗೂ ಅರ್ಥವಾಗಿ, ಅವರವರ ಪಾಡಿಗೆ ಹೋಗುತ್ತಿದ್ದರು.

ನನಗೆ ಚೆನ್ನಾಗಿ ನೆನಪಿರುವ ನಡಿಗೆ ಒಂದಿದೆ. ನಾನಾಗ ಎರಡನೇ ಕ್ಲಾಸು. ಆಟಿ ತಿಂಗಳು, ಬಿಡದೆ ಮಳೆ. ದೊಡ್ಡಮ್ಮನಿಗೆ ಹುಷಾರಿಲ್ಲ ಎಂದು ಯಾರೋ ಹೇಳಿ ಕಳಿಸಿದ್ದರು. ಅಮ್ಮ ತಮ್ಮನನ್ನು ಸೊಂಟಕ್ಕೆ ಏರಿಸಿ, ತಲೆಯ ಮೇಲೆ ಒಂದು ಗಂಟು ಇಟ್ಟು ಹೊರಟಳು. ಕೊಡೆ ನನ್ನ ಕೈಯಲ್ಲಿ. ಸಂಕದ ಕೆಳಗೆ ಕೆಂಪು ನೀರು ಮುಟ್ಟುವಷ್ಟು ಮೇಲೆ ಬಂದಿತ್ತು. "ನೀರು ನೋಡಬೇಡ, ಆಚೆ ದಡದ ಕಲ್ಲು ನೋಡು" ಅಂದಳು. ನಾನು ಕಲ್ಲು ನೋಡುತ್ತಾ ದಾಟಿದೆ. ಅಬ್ಬಿ ಕಾಣುವ ಮೊದಲೇ ಕೇಳುತ್ತಿತ್ತು. ಮೊದಲು ದೂರದಲ್ಲಿ ಲಾರಿ ಬಂದ ಹಾಗೆ, ಹತ್ತಿರ ಹೋದಂತೆ ಬೇರೆ ಯಾವ ಸದ್ದೂ ಇಲ್ಲ. ಅಲ್ಲಿ ಮಾತಾಡಿದರೆ ಬಾಯಿ ಆಡುವುದಷ್ಟೇ ಕಾಣುತ್ತದೆ. ಅಮ್ಮ ಬಂಡೆಗೆ ಬೆನ್ನು ಕೊಟ್ಟು ನಿಂತು, ಒಂದು ಕೈಯಲ್ಲಿ ನೀರು ಹಿಡಿದು ತಮ್ಮನ ಮುಖ ಒರೆಸಿದಳು. ಆಮೇಲೆ ತಾನೂ ಕುಡಿದಳು. ಆಕೆ ನಗುತ್ತಿದ್ದಳು. ಅಷ್ಟು ಹೊರೆ ಹೊತ್ತು, ಅಕ್ಕನ ಚಿಂತೆ ಹೊತ್ತು, ಆ ಮಳೆಯಲ್ಲಿ ಅವಳು ನಕ್ಕದ್ದು ಯಾಕೆಂದು ನನಗೆ ಆಗ ಗೊತ್ತಾಗಲಿಲ್ಲ. ಮನೆಯಲ್ಲಿ ಅಮ್ಮ ಹಾಗೆ ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ದಾರಿ ಅವಳಿಗೆ ಕೆಲಸವೂ ಆಗಿತ್ತು, ಬಿಡುವೂ ಆಗಿತ್ತು.

ಆ ದಾರಿಯಲ್ಲಿ ಪ್ರತಿಯೊಂದು ತಿರುವಿಗೂ ಹೆಸರಿತ್ತು. ಪಿಲಿಕಲ್ಲು, ಅಂದರೆ ಹುಲಿಯ ಕಲ್ಲು. ಕುಂಟಾಲದ ತಿರುವು. ಹೊರೆ ಇಳಿಸುವ ಕಲ್ಲು. ಈ ಕೊನೆಯದನ್ನು ನೋಡದವರಿಗೆ ಹೇಳಬೇಕು. ಎರಡು ಕಂಬಗಲ್ಲು ನೆಟ್ಟು ಮೇಲೆ ಅಡ್ಡ ಒಂದು ಹಾಸುಗಲ್ಲು, ಸುಮಾರು ಆಳೆತ್ತರಕ್ಕೆ. ತಲೆಹೊರೆ ಹೊತ್ತವರು ಇನ್ನೊಬ್ಬರ ಸಹಾಯವಿಲ್ಲದೆ ನಿಂತಲ್ಲೇ ಹೊರೆ ಜಾರಿಸಿ ಇಡಬಹುದು, ದಣಿವಾರಿದ ಮೇಲೆ ಹಾಗೆಯೇ ಎತ್ತಿಕೊಳ್ಳಬಹುದು. ಮಲಯಾಳದಲ್ಲಿ ಅತ್ತಾಣಿ ಅನ್ನುತ್ತಾರೆ. ಒಂಟಿಯಾಗಿ ನಡೆಯುವವರ ಕುತ್ತಿಗೆ ನೋವನ್ನು ಯಾರೋ ಯೋಚಿಸಿ ಆ ಕಲ್ಲು ನೆಟ್ಟಿದ್ದಾರೆ, ಅಲ್ವಾ?

ಕಾಸರಗೋಡಿನಲ್ಲಿ ಊರ ಹೆಸರುಗಳ ಬಗ್ಗೆ ನಾವು ಜಗಳಾಡಿದ್ದೇವೆ, ಈಗಲೂ ಆಡುತ್ತೇವೆ. ಬೇಡಡ್ಕ ಬೇಡಗಂ ಆದದ್ದು, ಕಾರಡ್ಕ ಕಾಡಗಂ ಆದದ್ದು ನಮಗೆ ನೋವು ಕೊಡುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈ ನೋವು ನಮ್ಮ ಜೊತೆಗಿದೆ. ಅದು ಸಣ್ಣ ವಿಷಯ ಅಂತ ನಾನು ಹೇಳುವುದಿಲ್ಲ. ಆದರೆ ಪಿಲಿಕಲ್ಲಿನಂಥ ಹೆಸರು ಯಾವ ಬೋರ್ಡಿನಲ್ಲೂ ಇರಲಿಲ್ಲ, ಯಾರೂ ಅದನ್ನು ಬದಲಾಯಿಸಲೂ ಇಲ್ಲ. ನಾವು ಆ ಕಡೆ ನಡೆಯುವುದನ್ನು ಬಿಟ್ಟೆವು, ಹೆಸರು ಹೋಯಿತು.

ದಾರಿ ಹೇಗೆ ಮುಚ್ಚುತ್ತದೆ

ಕಾಡಿನ ದಾರಿ ತನ್ನಷ್ಟಕ್ಕೆ ಇರುತ್ತದೆ ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಇರುವುದಿಲ್ಲ. ಜೂನಿನ ಮೊದಲ ಮಳೆಗೆ ಗುಡ್ಡೆಯ ನೀರು ಇಳಿಯಲು ಸುಲಭದ ಜಾಗ ಹುಡುಕುತ್ತದೆ. ಕಾಲು ತುಳಿದು ತಗ್ಗಾದ ದಾರಿಯೇ ಅದಕ್ಕೆ ಸಿಗುವುದು. ಹಾಗೆ ಬಿಟ್ಟರೆ ಎರಡೇ ಮಳೆಗಾಲದಲ್ಲಿ ದಾರಿ ಕೊರೆದು ಚರಂಡಿಯಾಗುತ್ತದೆ. ಅದಕ್ಕೇ ಏರಿನ ದಾರಿಯಲ್ಲಿ ಅಲ್ಲಲ್ಲಿ ಓರೆಯಾಗಿ ಒಂದು ಮರದ ತುಂಡೋ ಕಲ್ಲಿನ ಸಾಲೋ ಇಟ್ಟಿರುತ್ತಿದ್ದರು. ನೀರು ಅಲ್ಲಿಗೆ ಬಂದು ತಿರುಗಿ ಬದಿಯ ಕಾಡಿಗೆ ಹೋಗುತ್ತಿತ್ತು. ಪ್ರತಿ ವರ್ಷ ಮಳೆಗೆ ಮೊದಲು ಯಾರಾದರೂ ಹಾರೆ ಹಿಡಿದು ಹೋಗಿ ಅದನ್ನು ಸರಿ ಮಾಡಬೇಕು. ಯಾರೆಂದು ಗೊತ್ತುಮಾಡಿರಲಿಲ್ಲ. ದಾರಿ ಬೇಕಾದವರು ಮಾಡುತ್ತಿದ್ದರು.

ಇನ್ನೊಂದು ವಿಷಯ ನನಗೆ ಹೊಳೆದದ್ದು ತಡವಾಗಿ. ದಾರಿಯನ್ನು ತೆರೆದಿಟ್ಟದ್ದು ಹಟ್ಟಿಯ ದನಗಳು. ದನಕ್ಕೆ ಹಾಸಲು ಸೊಪ್ಪು ಬೇಕು, ತರಗೆಲೆ ಬೇಕು. ಒಲೆಗೆ ಕಟ್ಟಿಗೆ ಬೇಕು. ನಮ್ಮ ಕಡೆಯ ಹೆಂಗಸರು ದಿನಾ ಬೆಳಿಗ್ಗೆ ಕತ್ತಿ ಹಿಡಿದು ಕುಮ್ಕಿಗೂ (ತೋಟಕ್ಕೆ ತಾಗಿದ ಸರಕಾರಿ ಜಾಗ) ಗುಡ್ಡೆಗೂ ಹೋಗಿ ಬರುತ್ತಿದ್ದರು. ದಾರಿಗೆ ಚಾಚಿದ ಕೊಂಬೆ ಅವರ ಹೊರೆಗೆ ಸೇರುತ್ತಿತ್ತು. ಬೇರೆ ಯಾರೂ ದಾರಿ ಸವರಬೇಕಾಗಿರಲಿಲ್ಲ. ಆಮೇಲೆ ಗ್ಯಾಸ್ ಬಂತು. ಹಾಲು ಪ್ಯಾಕೆಟ್ಟಿನಲ್ಲಿ ಬಂತು. ಹಟ್ಟಿಗಳು ಒಂದೊಂದಾಗಿ ಖಾಲಿಯಾದವು. ಅಮ್ಮನ ಕೆಮ್ಮು ಗ್ಯಾಸ್ ಬಂದ ಮೇಲೆಯೇ ಕಡಿಮೆಯಾದದ್ದು, ಹಾಗಾಗಿ ಆ ಹೊಗೆಯ ದಿನಗಳು ಮರಳಿ ಬರಲಿ ಎಂದು ನಾನು ಖಂಡಿತ ಬಯಸುವುದಿಲ್ಲ. ಆ ಹೊರೆಯನ್ನೂ ಯಾರ ತಲೆಗೂ ಬಯಸುವುದಿಲ್ಲ. ಆದರೆ ಕತ್ತಿ ಹೋಗದ ಕಡೆ ನಾವು ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಬಂತು. ಒಂದೇ ಮಳೆಗಾಲಕ್ಕೆ ಆಳೆತ್ತರ. ಅದರ ಒಳಗೆ ಮುಳ್ಳಿನ ಬಳ್ಳಿ. ಆಮೇಲೆ ಅಲ್ಲಿ ದಾರಿ ಇತ್ತೆಂದು ಹೇಳಿದರೂ ನಂಬಲು ಆಗದು.

ಮತ್ತೊಂದು ಕಾರಣ ಬರೆಯಲು ಕೈ ಹಿಂಜರಿಯುತ್ತದೆ. ಗುಡ್ಡೆಯ ಆಚೆ ಬದಿ ಗೇರು ತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಸೀಮೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. ಚಿಕ್ಕವರಿದ್ದಾಗ ನಾವು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಊರಲ್ಲಿ ಮಾತು ಬದಲಾಗಿತ್ತು. ಯಾವ ಯಾವ ಮನೆಯಲ್ಲಿ ಎಂಥ ಮಕ್ಕಳು ಹುಟ್ಟಿದರು ಎಂದು ಜನ ಲೆಕ್ಕ ಹಾಕತೊಡಗಿದ್ದರು. ಒಂದು ದಿನ ದೊಡ್ಡಮ್ಮನ ಮನೆಯಿಂದ ಬರುವಾಗ ಅಬ್ಬಿಯಲ್ಲಿ ಬೊಗಸೆ ಒಡ್ಡಿದೆ. ಅಮ್ಮ ನನ್ನ ಕೈ ಹಿಡಿದಳು. "ಬೇಡ" ಅಂದಳು, ಅಷ್ಟೇ. ಇಬ್ಬರೂ ಬಾಯಾರಿಕೊಂಡೇ ಮನೆಗೆ ಬಂದೆವು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ವಿಷವನ್ನು ನಿಲ್ಲಿಸಿತು. ನಮ್ಮ ಪಂಚಾಯತಿನ ಎಷ್ಟೋ ಮನೆಗಳಲ್ಲಿ ಮಾತ್ರ ಅದು ನಿಂತಿಲ್ಲ. ಇಂದಿಗೂ ಮಲಗಿದಲ್ಲೇ ಇರುವ ಮಕ್ಕಳ ತಾಯಂದಿರು ಅಲ್ಲಿದ್ದಾರೆ. ಅವರ ಮುಂದೆ ಒಂದು ದಾರಿಯ ಮಾತು ಎಷ್ಟರದ್ದು ಎಂದು ನನಗೂ ಅನ್ನಿಸುತ್ತದೆ. ಆದರೂ ಹೇಳುತ್ತೇನೆ. ನೀರು ಕುಡಿಯಲು ಹೆದರಿದ ಮೇಲೆ ಜನ ಅಬ್ಬಿಯ ಕಡೆ ಹೋಗುವುದನ್ನೇ ಬಿಟ್ಟರು.

ನಾನು ಆ ದಾರಿಯಲ್ಲಿ ಕೊನೆಯ ಸಲ ಪೂರ್ತಿ ನಡೆದದ್ದು 2004ರಲ್ಲಿ. ವಕೀಲರಾಗಿರುವ ನನ್ನ ಭಾವ ಒಮ್ಮೆ ಊಟಕ್ಕೆ ಕೂತಾಗ ಒಂದು ಮಾತು ಹೇಳಿದ್ದರು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಇನ್ನೊಬ್ಬರ ಜಾಗದಲ್ಲಿ ತಡೆಯಿಲ್ಲದೆ, ಹಕ್ಕಿನಿಂದ 20 ವರ್ಷ ನಡೆದರೆ ಆ ದಾರಿಯ ಮೇಲೆ ಹಕ್ಕು ಬರುತ್ತದೆ. ಅದೇ ಕಾಯಿದೆಯಲ್ಲಿ, 20 ವರ್ಷ ಒಂದೇ ಸಮನೆ ನಡೆಯದೆ ಬಿಟ್ಟರೆ ಆ ಹಕ್ಕು ಹೋಗುತ್ತದೆ. ನಾನು ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದೆ. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮತ್ತೆ ಹೋದದ್ದು

ಡಿಸೆಂಬರಿನಲ್ಲಿ ಹೊರಟೆವು. ನಾನು, ಮಗ, ಜೊತೆಗೆ ಜೇನಿನ ಅಜ್ಜ. ಊರಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುವುದು. ವಯಸ್ಸು ಎಪ್ಪತ್ತು ದಾಟಿದೆ. ತಲೆಗೆ ಹಾಳೆಯ ಮುಟ್ಟಾಳೆ, ಸೊಂಟದ ಕೊಕ್ಕೆಯಲ್ಲಿ ಕತ್ತಿ, ಬರಿಗಾಲು. ಹೊರಡುವಾಗ ಅಮ್ಮ ಒಂದು ಡಬ್ಬಿ ತಂದು ನನ್ನ ಚೀಲಕ್ಕೆ ಹಾಕಿದಳು. ಒಳಗೆ ಹಲಸಿನ ಹಪ್ಪಳ. "ಆಚೆ ಇಳಿದರೆ ಅಕ್ಕನಿಗೆ ಕೊಡು. ಇಳಿಯದಿದ್ದರೆ ವಾಪಸ್ಸು ತಾ."

ಸಂಕ ಈಗ ಕಾಂಕ್ರೀಟಿನದ್ದು. ಅಲ್ಲಿಂದ ಮೇಲೆ ಮಗ ಫೋನಿನ ಮ್ಯಾಪ್ ತೆಗೆದ. ಪೂರ್ತಿ ಹಸಿರು, ಒಂದು ಗೆರೆಯೂ ಇಲ್ಲ. ಅಜ್ಜ ಅದನ್ನು ಕುತೂಹಲದಿಂದ ನೋಡಿ, ಆಮೇಲೆ ನೆಲ ನೋಡಿದರು. "ಸಾದಿ ಉಂಡು" ಅಂದರು. ದಾರಿ ಇದೆ. ನನಗೆ ಕಮ್ಯುನಿಸ್ಟ್ ಗಿಡವಷ್ಟೇ ಕಂಡಿತು. ಅಜ್ಜ ಕತ್ತಿಯ ತುದಿಯಿಂದ ಸೊಪ್ಪು ಸರಿಸಿ ತೋರಿಸಿದರು. ಕೆಳಗೆ ಮುರಕಲ್ಲಿನ ಮೆಟ್ಟಿಲು, ಪಾಚಿ ಹಿಡಿದು ಕಪ್ಪಾಗಿತ್ತು. ನಡು ಸವೆದು ತಟ್ಟೆಯಷ್ಟು ತಗ್ಗಾಗಿತ್ತು. ಮಗ ಅದರಲ್ಲಿ ಪಾದ ಇಟ್ಟು ನೋಡಿದ. ಎಷ್ಟು ಜನ ನಡೆದರೆ ಕಲ್ಲು ಇಷ್ಟು ಸವೆಯುತ್ತದೆ ಎಂದು ಕೇಳಿದ. ಅಜ್ಜ ಉತ್ತರ ಕೊಡದೆ ಮುಂದಿನ ಮೆಟ್ಟಿಲು ಸವರತೊಡಗಿದರು.

ಹಾಗೆ ಒಂದು ಗಂಟೆ. ಬದಿಯಲ್ಲಿ ಒಂದು ಹಳೆಯ ಸುರಂಗದ ಬಾಯಿ ಸಿಕ್ಕಿತು. ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಕೊರೆದ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲದ ಸುರಂಗ. ಒಳಗಿಂದ ತಣ್ಣಗೆ ಗಾಳಿ ಬರುತ್ತಿತ್ತು, ನೀರು ಇನ್ನೂ ಸಣ್ಣಗೆ ಹರಿಯುತ್ತಿತ್ತು. ಅದನ್ನು ಕೊರೆದವರಲ್ಲಿ ಅಜ್ಜನ ಅಪ್ಪನೂ ಒಬ್ಬರು. ಚಿಕ್ಕ ಹುಡುಗನಾಗಿದ್ದ ಅಜ್ಜ ಒಳಗೆ ಕ್ಯಾಂಡಲ್ ಹಿಡಿದು ಕೂರುತ್ತಿದ್ದರಂತೆ. ಇದನ್ನು ಹೇಳುವಾಗ ಅವರ ದನಿ ಮೆತ್ತಗಾಯಿತು.

ಅದರ ಮೇಲೆ ಮುಳ್ಳುತಂತಿಯ ಬೇಲಿ. ಆಚೆ ರಬ್ಬರ್. ಹಳೆ ದಾರಿ ನೇರ ಅದರ ನಡುವೆ ಹೋಗಬೇಕು. ಮೊದಲಾದರೆ ಬೇಲಿ ಇದ್ದಲ್ಲೆಲ್ಲ ತಡಮೆ ಇರುತ್ತಿತ್ತು. ದನ ದಾಟದ ಹಾಗೆ, ಮನುಷ್ಯರು ಕಾಲೆತ್ತಿ ದಾಟುವ ಹಾಗೆ. ಇಲ್ಲಿ ಅದಿಲ್ಲ. ನಾನು ಅಲ್ಲೇ ನಿಂತೆ. ಇಲ್ಲಿಂದಲೇ ತಿರುಗಬೇಕೇನೋ ಅನ್ನಿಸಿತು. ಅಷ್ಟರಲ್ಲಿ ಮರಗಳ ನಡುವಿನಿಂದ ತೋಟದವರು ಬಂದರು. ತೆಂಕಣ ಕೇರಳದಿಂದ ಬಂದು ನೆಲೆಸಿದ ಕುಟುಂಬ, ನನಗೆ ಗುರುತಿಲ್ಲ. ಮಗ ಮಲಯಾಳದಲ್ಲಿ ಮಾತಾಡಿದ. ಚೇಟ್ಟಾ, ನಾವು ಗುಡ್ಡೆಯ ಆಚೆ ಅಜ್ಜಿಯ ಅಕ್ಕನ ಮನೆಗೆ ಹೋಗಬೇಕು, ಇಲ್ಲಿ ಹಳೆ ದಾರಿ ಇತ್ತಂತೆ ಅಂದ. ಅವರು ನಮ್ಮ ಮೂವರನ್ನೂ ನೋಡಿದರು. "ಇವಿಡೆ ಒರು ವಳಿ ಉಂಡಾಯಿರುನ್ನು" ಅಂದರು. ಇಲ್ಲೊಂದು ದಾರಿ ಇತ್ತು. ಬೇಲಿ ಹಾಕಿದ್ದು ಕಾಡುಹಂದಿಗೆ, ಮನುಷ್ಯರಿಗಲ್ಲ ಅಂದರು. ತಾವೇ ಕೆಳಗಿನ ತಂತಿ ಕಾಲಲ್ಲಿ ಮೆಟ್ಟಿ, ಮೇಲಿನದ್ದನ್ನು ಎತ್ತಿ ಹಿಡಿದರು. ನಾವು ಒಬ್ಬೊಬ್ಬರಾಗಿ ನುಸುಳಿದೆವು. ತೋಟದ ನಡುವೆ ಹೊರೆ ಇಳಿಸುವ ಕಲ್ಲು ಹಾಗೆಯೇ ನಿಂತಿತ್ತು. ಅದರ ಮೇಲೆ ರಬ್ಬರ್ ಹಾಲಿನ ಬಕೆಟ್ ಇಟ್ಟಿದ್ದರು. ತಾನು ಆ ಕಲ್ಲನ್ನು ಕೀಳಲಿಲ್ಲ, ಅತ್ತಾಣಿಯನ್ನು ಕೀಳಬಾರದೆಂದು ಅಪ್ಪ ಹೇಳಿದ್ದರು ಎಂದರು. ನನಗೆ ಕಣ್ಣು ತುಂಬಿ ಬಂತು.

ತೋಟ ದಾಟಿದ ಮೇಲೆ ದಾರಿ ತಾನಾಗಿಯೇ ತೆರೆದುಕೊಂಡಿತು. ಕಿರಿದು, ಆದರೆ ಸ್ಪಷ್ಟ. ಯಾರು ನಡೆಯುತ್ತಾರೆ ಇಲ್ಲಿ ಎಂದು ಕೇಳಿದೆ. ಅಜ್ಜ ತನ್ನ ಎದೆ ಮುಟ್ಟಿ ತೋರಿಸಿದರು. ವರ್ಷಕ್ಕೆ ನಾಲ್ಕೈದು ಸಲ, ಜೇನಿಗೆ. ಒಬ್ಬ ಮನುಷ್ಯನ ಎರಡು ಕಾಲು ಅಷ್ಟು ದೂರದ ದಾರಿಯನ್ನು ಇಷ್ಟು ವರ್ಷ ಉಳಿಸಿದ್ದವು.

ಅಬ್ಬಿ ಕೇಳಿಸಿತು. ಡಿಸೆಂಬರ್ ಆದ್ದರಿಂದ ಲಾರಿಯ ಸದ್ದಲ್ಲ, ಯಾರೋ ಪಿಸುಗುಟ್ಟಿದ ಹಾಗೆ. ಒಂದೇ ಕವಲು ಬೀಳುತ್ತಿತ್ತು. ಮಗ ಶೂ ಬಿಚ್ಚಿ ಗುಂಡಿಗೆ ಇಳಿದ. ಅಮ್ಮ ಬೆನ್ನು ಕೊಟ್ಟು ನಿಂತಿದ್ದ ಬಂಡೆ ನನಗೆ ಸಿಕ್ಕಿತು. ನಾನೂ ಹಾಗೆಯೇ ನಿಂತೆ. ಅಜ್ಜ ಬೊಗಸೆಯಲ್ಲಿ ನೀರು ಕುಡಿದು ನನ್ನ ಕಡೆ ನೋಡಿದರು. ಒಂದು ಕ್ಷಣ ತಡೆದೆ. ಆಮೇಲೆ ಕುಡಿದೆ.

ಪದವಿನ ಬಿಸಿಲಲ್ಲಿ ಹುಲ್ಲು ಒಣಗಿ ಕೆಂಪಾಗಿತ್ತು. ಆಚೆ ಇಳಿಜಾರು ಸುಲಭ. ದೊಡ್ಡಮ್ಮನ ಮನೆಯ ನಾಯಿ ಬೊಗಳಿತು. ಗುಡ್ಡೆಯ ಬದಿಯಿಂದ ಯಾರೂ ಬಾರದೆ ಎಷ್ಟೋ ವರ್ಷವಾಗಿತ್ತು. ಎಂಬತ್ತು ದಾಟಿದ ದೊಡ್ಡಮ್ಮ ಜಗಲಿಯಿಂದ ಎದ್ದು ಬಂದು ನಮ್ಮನ್ನು ನೋಡಿದಳು, ಆಮೇಲೆ ನಮ್ಮ ಹಿಂದೆ ಗುಡ್ಡೆ ನೋಡಿದಳು. ಹೇಗಿದ್ದೀಯ ಎಂದು ಕೇಳಲಿಲ್ಲ. "ಅಬ್ಬಿಯಲ್ಲಿ ನೀರು ಎಷ್ಟು ಉಂಟು?" ಎಂದು ಕೇಳಿದಳು. ಒಂದು ಕವಲು ದೊಡ್ಡಮ್ಮ ಅಂದೆ. "ಹಾಗಾದರೆ ಮಾರ್ಚಿಗೆ ಇಲ್ಲ" ಅಂದಳು. ಕಾಲು ತೊಳೆಯಲು ನೀರು ಕೊಟ್ಟಳು. ಬೆಲ್ಲ ತಂದಳು.

ಮರುದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹಿಂದೆ ಬಂದೆವು. ಡಬ್ಬಿ ಖಾಲಿ ಕಳಿಸಬಾರದೆಂದು ದೊಡ್ಡಮ್ಮ ಒಣಗಿಸಿದ ಪುನರ್ಪುಳಿ ಸಿಪ್ಪೆ ತುಂಬಿಸಿದ್ದಳು. ಅಮ್ಮ ಅಂಗಳದಲ್ಲೇ ಕಾಯುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. ಸಿಪ್ಪೆಯನ್ನು ಭರಣಿಗೆ ಸುರಿದು, ಡಬ್ಬಿ ತೊಳೆದು, ಜಗಲಿಯ ಮೇಲೆ ಬೋರಲು ಹಾಕಿದಳು. ಮಗ ಪಿಲಿಕಲ್ಲಿನ ಫೋಟೋ ತೋರಿಸಲು ಹೋದ. ಅದು ಗೊತ್ತುಂಟು ಎಂದು ಅಮ್ಮ ಫೋನು ಸರಿಸಿದಳು. ನನ್ನ ಕಡೆ ತಿರುಗಿ ಕೇಳಿದಳು: "ಪತ್ತನಾಜೆಗೆ ಮೊದಲು, ಮಳೆ ಹಿಡಿಯುವ ಮುಂಚೆ, ಇನ್ನೊಂದು ಸಲ ಹೋಗುವುದುಂಟಾ? ನಾನು ಸಂಕದವರೆಗೆ ಬರ್ತೇನೆ."